ಸವತಿಯ ಕಾಲು ಬಾತಾಗ

ಮಾನ್ವಿಯ ಅಕ್ಕಿ ಗಿರಣಿಯ ಅಂಗಳದಲ್ಲಿ ಭತ್ತ ಹರವುವ ಹೆಂಗಸರು ಜಂಬಮ್ಮನ ಪಕ್ಕ ನಿಲ್ಲಲು ಹಿಂಜರಿಯುತ್ತಿದ್ದರು. ಅವಳ ಬಾಯಿ ಹರಿತ ಎನ್ನುವುದು ಒಂದು ಕಾರಣ. ಮೇಸ್ತ್ರಿ ಒಂದು ಮಾತು ಅಂದರೆ ಅವಳು ನಾಲ್ಕು ಅನ್ನುತ್ತಿದ್ದಳು, ಅದೂ ತಲೆ ಎತ್ತದೆ, ಕಾಲಿನಿಂದ ಭತ್ತ ಎಳೆಯುತ್ತಲೇ. ಇನ್ನೊಂದು ಕಾರಣವನ್ನು ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಬಸುರಿಯರ ಮೇಲೆ ಅವಳ ನೆರಳು ಬೀಳಬಾರದು ಎಂಬ ಮಾತು ಊರಲ್ಲಿ ಓಡಾಡುತ್ತಿತ್ತು. ಆ ಮಾತನ್ನು ಹುಟ್ಟಿಸಿದವಳು ಅವಳ ಅತ್ತೆ ಮಾರೆಮ್ಮ.

ಜಂಬಮ್ಮ ಹುಟ್ಟಿದ್ದು ದೇವದುರ್ಗದ ಕಡೆಯ ಒಂದು ಹಳ್ಳಿಯಲ್ಲಿ, ಕುರಿ ಕಾಯುವ ಮುದುಕಪ್ಪನ ಮಗಳಾಗಿ. ತಾಯಿ ಚಿಕ್ಕಂದಿನಲ್ಲೇ ತೀರಿಕೊಂಡಿದ್ದಳು. ಅಪ್ಪ ಮಂದೆಯ ಜೊತೆ ಊರೂರು ಹೋಗುವಾಗ ಮಗಳನ್ನೂ ಕರೆದೊಯ್ಯುತ್ತಿದ್ದ. ಹಾಗಾಗಿ ಅವಳಿಗೆ ಬಯಲಿನಲ್ಲಿ ಕೂಗಿ ಮಾತಾಡುವ ರೂಢಿ. 1974ರಲ್ಲಿ ಮಾನ್ವಿಯ ಪರಮಣ್ಣನಿಗೆ ಕೊಟ್ಟು ಮದುವೆ ಮಾಡಿದರು. ಪರಮಣ್ಣನ ಮನೆಯವರೂ ಹಿಂದೆ ಕುರಿ ಕಾಯ್ದವರೇ. ಕಾಲುವೆ ನೀರು ಬಂದ ಮೇಲೆ ಕುರಿ ಮಾರಿ ಗದ್ದೆ ಮಾಡಿ, ಮನೆಗೆ ಗಚ್ಚಿನ ಗೋಡೆ ಎಬ್ಬಿಸಿಕೊಂಡಿದ್ದರು. ಸೊಸೆ ಬಂದ ಮೊದಲ ವಾರವೇ ಮಾರೆಮ್ಮ ಮೂಗು ಮುಚ್ಚಿಕೊಂಡು, "ಕುರಿ ವಾಸನಿ ಇನ್ನೂ ಹೋಗವಲ್ದು ಇಕಿ ಮೈಯಿಂದ" ಅಂದಳು.

"ನಿನ್ನ ಮೈಯಿಂದ ಯಾವಾಗ ಹೋತು ಅತ್ತಿ?" ಎಂದು ಜಂಬಮ್ಮ ಕೇಳಿದಳು.

ಅಂದಿನಿಂದ ಆ ಮನೆಯಲ್ಲಿ ಅತ್ತೆ ಸೊಸೆ ನೆಟ್ಟಗೆ ಮಾತಾಡಿದ್ದು ಕಡಿಮೆ. ಮಾರೆಮ್ಮ ಅಷ್ಟೂ ಮಕ್ಕಳನ್ನು ಮನೆಯಲ್ಲೇ ಹೆತ್ತವಳು. ಅರ್ಧದಷ್ಟನ್ನು ಮಣ್ಣಿಗೆ ಕೊಟ್ಟವಳು. ದವಾಖಾನೆಯ ಮೆಟ್ಟಿಲು ಹತ್ತಿರಲಿಲ್ಲ, ಹತ್ತುವವರನ್ನು ಕಂಡರೆ ಆಗುತ್ತಿರಲಿಲ್ಲ. ಪರಮಣ್ಣ ತಾಯಿಯ ಮಾತಿಗೆ ಎದುರಾಡದ ಮಗ. ಅವನಿಗೆ ಸಿಟ್ಟು ಬಂದರೆ ಕೈ ಮೊದಲು ಮಾತಾಡುತ್ತಿತ್ತು.

ಮರುವರ್ಷ ಜಂಬಮ್ಮ ಬಸುರಿಯಾದಳು. ಏಳು ತಿಂಗಳು ತುಂಬುವ ಹೊತ್ತಿಗೆ ಅವಳ ಪಾದಗಳು ಬಾತು, ಮುಖ ಉಬ್ಬಿ, ಬಳೆಗಳು ಮುಂಗೈಗೆ ಕಚ್ಚಿಕೊಂಡವು. ಹಿಂದಿನ ಓಣಿಯ ಹೆಂಗಸರು ನೋಡಿ, "ನೀರು ತುಂಬ್ಯಾದ, ಗಂಡು ಕೂಸು" ಅಂದರು. ಮಾರೆಮ್ಮನೂ ಒಳಗೊಳಗೆ ಹಿಗ್ಗಿದಳು. ಜಂಬಮ್ಮ ತಲೆ ಒಡೆಯುವಂತೆ ನೋಯುತ್ತದೆ ಎಂದಾಗ, "ಬಸರಿ ಆದಾಕಿ ನೀ ಒಬ್ಬಾಕೇ ಏನು?" ಎಂದು ಗದರಿದಳು. ಮರುದಿನ ರೊಟ್ಟಿ ಬಡಿಯುತ್ತ ಕೂತವಳು ಹಿಂದಕ್ಕೆ ಬಿದ್ದಳು. ಕೈಕಾಲು ಸೆಟೆದವು, ಬಾಯಲ್ಲಿ ನೊರೆ ಬಂತು. ಮೈಮೇಲೆ ಗಾಳಿ ಬಂದಿದೆ ಎಂದು ಮಾರೆಮ್ಮ ಬೇವಿನ ಸೊಪ್ಪು ತರಿಸಿದಳು. ಎರಡನೇ ಸಲ ಸೆಟೆದಾಗ ಓಣಿಯವರು ಹೆದರಿ, ಯಾರದೋ ಜೀಪು ಹಿಡಿದು ರಾಯಚೂರಿಗೆ ಸಾಗಿಸಿದರು. ಜಂಬಮ್ಮನಿಗೆ ಎಚ್ಚರವಾದಾಗ ಹೊಟ್ಟೆ ಖಾಲಿಯಾಗಿತ್ತು. ಕೂಸು ಒಳಗೇ ಸತ್ತಿತ್ತು.

ಆ ವಾರ್ಡನ್ನು ನೋಡಿಕೊಳ್ಳುತ್ತಿದ್ದವರು ಡಾಕ್ಟರ್ ಕಮರುನ್ನೀಸಾ. ಸಣ್ಣ ಆಳು. ಅವರದೂ ಮೃದುವಾದ ಮಾತೇನಲ್ಲ. ಅಪ್ಪ ಮುದುಕಪ್ಪ ಮಂಚದ ಬದಿಗೆ ನೆಲದ ಮೇಲೆ ಕೂತಿದ್ದ. ಜಂಬಮ್ಮ ಅಳಲಿಲ್ಲ. ಡಾಕ್ಟರ ಸೆರಗು ಹಿಡಿದು ಕೇಳಿದಳು:

"ನಾ ಏನು ತಪ್ಪು ಮಾಡೀನ್ರಿ? ಏಳನೇ ತಿಂಗಳಾಗ ಹೊಸಲ ಮ್ಯಾಲ ಕುಂತೆ, ಅದಕ್ಕ ಹಿಂಗಾತು ಅಂತಾಳ ನಮ್ಮತ್ತಿ. ಹೌದೇನ್ರಿ?"

"ಹೊಸಲಿಗೂ ಇದಕ್ಕೂ ಸಂಬಂಧಿಲ್ಲ. ಸೆರಗು ಬಿಡು, ಹೇಳ್ತೀನಿ."

ಡಾಕ್ಟರು ಮಂಚದ ಅಂಚಿಗೆ ಕೂತರು. "ಹೆರಿಗಿ ಆದಮ್ಯಾಲ ಕಸ ಬೀಳ್ತದಲ್ಲ, ಅದು ಬಸರು ನಿಂತ ಶುರುವಿನಾಗ ಗರ್ಭಚೀಲದೊಳಗ ಬೇರು ಬಿಡ್ತದ. ಅಲ್ಲಿ ನಿನ್ನ ರಕ್ತನಾಳ ಇರ್ತಾವ. ಸಣ್ಣವು, ಸುರುಳಿ ಸುತ್ತಿಕೊಂಡಿರ್ತಾವ. ಮೊದಲ ತಿಂಗಳುಗಳಾಗ ಕಸ ಆ ನಾಳದೊಳಗ ಹೊಕ್ಕು ಅವನ್ನ ಹಿಗ್ಗಸ್ಬೇಕು. ಹಿಗ್ಗಿದ್ರ ಕೂಸಿಗೆ ರಕ್ತ ಬೇಕಾದಷ್ಟು ಹೋಗ್ತದ. ನಿನಗ ಅವು ಸರಿಯಾಗಿ ಹಿಗ್ಗಿಲ್ಲ. ಕೂಸು ಸಣ್ಣದಿರೋತನಕ ಹೆಂಗೋ ನಡೀತದ. ದೊಡ್ಡದಾದಂಗ ರಕ್ತ ಸಾಲಂಗಿಲ್ಲ. ಆಗ ಕಸದಿಂದ ತಾಯಿ ಮೈಯೆಲ್ಲ ಕೆಡ್ತದ. ಬಿ.ಪಿ. ಏರ್ತದ, ಕಾಲು ಮಕ ಬಾಯ್ತಾವ, ತಲಿ ನೋಯ್ತದ, ಕಣ್ಣು ಮಂಜಾಗ್ತಾವ. ಕಡೀಕ ಫಿಟ್ಸ್ ಬರ್ತಾವ."

ಜಂಬಮ್ಮ ತನ್ನ ಬಾತ ಪಾದಗಳತ್ತ ನೋಡಿದಳು. "ಅಂದ್ರ ಕಾಲು ಬಾಯೋಕಿಂತ ಮೊದ್ಲೇ ಎಲ್ಲ ಆಗಿ ಹೋಗಿರ್ತದೇನ್ರಿ?"

"ಹೌದು. ಬಾವು ಆಮ್ಯಾಲ ಬರ್ತದ. ಕೆಟ್ಟಿದ್ದು ಶುರುವಿನಾಗ."

"ಯಾಕ ಹಿಗ್ಗಲಿಲ್ಲ?"

"ಅದು ನಮಗೂ ಗೊತ್ತಿಲ್ಲ. ಮುಂದಿನ ಬಸರಿಗೆ ಮೊದಲ ತಿಂಗಳಿಂದ ನನ್ನತ್ರ ಬಾ. ನಾಳ ಹಿಗ್ಗಿಸಾಕ ನನಗ ಬರಂಗಿಲ್ಲ. ಆದ್ರ ಬಿ.ಪಿ. ನೋಡಬಹುದು, ಫಿಟ್ಸ್ ಬರೋಕಿಂತ ಮೊದ್ಲು ಹೆರಿಗಿ ಮಾಡಿಸಬಹುದು."

ಈ ಮಾತು ಜಂಬಮ್ಮನಿಗೆ ಸಮಾಧಾನ ಕೊಟ್ಟಿತು ಎಂದುಕೊಂಡರೆ ತಪ್ಪು. ಅದು ಅವಳಿಗೆ ಜಗಳಕ್ಕೆ ಒದಗಿದ ಆಯುಧವಾಯಿತು. ಮನೆಗೆ ಮರಳಿದ ದಿನವೇ ಮಾರೆಮ್ಮ ಹೊಸಲಿನ ಮಾತು ತೆಗೆದಾಗ ಅವಳು ಅಂಗಳದಲ್ಲಿ ನಿಂತು, ಓಣಿಗೆಲ್ಲ ಕೇಳುವಂತೆ ಕೂಗಿದಳು: "ಅದು ಮೂರನೇ ತಿಂಗಳಿಗೇ ಕೆಟ್ಟಿತ್ತು ಅತ್ತಿ! ಆಗ ನಾ ಎಲ್ಲಿದ್ದೆ? ನಿನ್ನ ಮನ್ಯಾಗ, ನೀ ನೀಡಿದ್ದು ತಿನ್ನಾಕತ್ತಿದ್ದೆ. ಹೊಸಲಿನ ಮ್ಯಾಲ ಹಾಕಬ್ಯಾಡ!"

ತಾನು ಕೊಟ್ಟ ಅನ್ನದ ಮೇಲೆ ಅಪವಾದ ಹೊರಿಸಿದಳು ಎಂದು ಮಾರೆಮ್ಮ ಎದೆ ಬಡಿದುಕೊಂಡಳು. ಪರಮಣ್ಣ ಹೆಂಡತಿಯನ್ನು ಎಲ್ಲರೆದುರು ಹೊಡೆದ.

ಎರಡನೇ ಸಲ ಬಸುರು ನಿಂತಾಗ ಜಂಬಮ್ಮ ಯಾರಿಗೂ ಹೇಳದೆ ರಾಯಚೂರಿನ ಬಸ್ಸು ಹತ್ತಿದಳು. ಮತ್ತೆ ಮತ್ತೆ ಹೋದಳು. ಡಾಕ್ಟರು ತೋಳಿಗೆ ಪಟ್ಟಿ ಸುತ್ತಿ ನೋಡುತ್ತಿದ್ದರು. ಮೊದಮೊದಲು ಸರಿಯಿತ್ತು, ಆಮೇಲೆ ಏರತೊಡಗಿತು. ಗುಳಿಗೆ ಬರೆದುಕೊಟ್ಟರು. ಅವನ್ನು ಜಂಬಮ್ಮ ಹಿಟ್ಟಿನ ಡಬ್ಬಿಯ ಹಿಂದೆ ಇಟ್ಟಿದ್ದಳು. ಅವು ಮಾರೆಮ್ಮನ ಕಣ್ಣಿಗೆ ಬಿದ್ದವು.

"ಇದೇನಿದು? ಹೊಟ್ಟ್ಯಾಗಿನ ಕೂಸಿಗೆ ವಿಷ ಹಾಕಾಕತ್ತೀಯೇನು?"

"ವಿಷ ಅಲ್ಲ, ಬಿ.ಪಿ. ಗುಳಿಗಿ. ಕೊಡಿಲ್ಲಿ."

"ನಾ ಗುಳಿಗಿ ನುಂಗಿ ನನ್ನ ಮಗನ್ನ ಹಡದಿಲ್ಲ!" ಎಂದು ಮಾರೆಮ್ಮ ಅಷ್ಟನ್ನೂ ತಿಪ್ಪೆಗೆ ಎಸೆದಳು. ಜಂಬಮ್ಮ ತುಂಬುಬಸುರಲ್ಲಿ ತಿಪ್ಪೆಗಿಳಿದು ಕೈಯಿಂದ ಕೆದರಿ ಹುಡುಕಿದಳು. ಮೇಲೆ ನಿಂತ ಅತ್ತೆ ನಗುತ್ತಿದ್ದಳು. ಜಂಬಮ್ಮ ಒಂದು ಹಿಡಿ ಸಗಣಿ ತೆಗೆದು ಅವಳ ಮುಖಕ್ಕೆ ಎಸೆದಳು. ಆ ಸಂಜೆ ಗಂಡನ ಕೈಯಿಂದ ಬಿದ್ದ ಏಟಿಗೆ ಅವಳ ಕಿವಿಯ ತಮಟೆ ಹರಿಯಿತು. ಮುಂದೆ ಎಡಗಿವಿ ಸರಿಯಾಗಿ ಕೇಳಲೇ ಇಲ್ಲ.

ಸುದ್ದಿ ತಿಳಿದು ಮುದುಕಪ್ಪ ಬಂದ. ಬೀಗರ ಮನೆಯ ನೀರೂ ಕುಡಿಯದೆ, "ನಡಿ ಯವ್ವಾ" ಎಂದಷ್ಟೇ ಹೇಳಿ ಮಗಳನ್ನು ಕರೆದುಕೊಂಡು ನೇರ ರಾಯಚೂರಿಗೆ ಹೋದ. ಎಂಟರಲ್ಲೇ ಹೆರಿಗೆ ಮಾಡಿಸಬೇಕಾಯಿತು. ಈ ಸಲ ಫಿಟ್ಸ್ ಬರಲಿಲ್ಲ. ಗಂಡು ಕೂಸು ಉಸಿರಾಡುತ್ತ ಹುಟ್ಟಿತು. ಆದರೆ ಅಂಗೈ ಎರಡು ಸೇರಿಸಿದರೆ ಹಿಡಿಯುವಷ್ಟು. ಪರಮಣ್ಣ ಒಮ್ಮೆ ಬಂದು ವಾರ್ಡಿನ ಬಾಗಿಲಲ್ಲಿ ನಿಂತ. ಕೂಸನ್ನು ನೋಡಿ, "ಇದು ಉಳಿಯಾಂಗ ಕಾಣಂಗಿಲ್ಲ" ಎಂದು ಹೇಳಿ ಹೋದ. ಅದು ಒಂದು ವಾರವೂ ಬದುಕಲಿಲ್ಲ.

ತವರಲ್ಲಿ ಮೈ ಸುಧಾರಿಸಿಕೊಂಡು ಜಂಬಮ್ಮ ಮಾನ್ವಿಗೆ ಮರಳಿದಾಗ ಗಂಡನ ಮನೆಯ ಬಾಗಿಲಿಗೆ ತೋರಣ ಕಟ್ಟಿತ್ತು. ಗಿಲ್ಲೆಸುಗೂರಿನ ಸೂಗಮ್ಮನನ್ನು ತಂದಿದ್ದರು. ಹದಿನೆಂಟೋ ಹತ್ತೊಂಬತ್ತೋ ವಯಸ್ಸು, ಕೈಕಾಲಿಗೆ ಇನ್ನೂ ಅರಿಶಿನ. ಮಾರೆಮ್ಮ ಜಂಬಮ್ಮನ ಟ್ರಂಕನ್ನು ಹೊರಗಿಟ್ಟು, "ನಿಂದು ಹಾಳು ಹೊಟ್ಟಿ. ಇಲ್ಲಿ ನಿನಗ ಜಾಗ ಇಲ್ಲ" ಅಂದಳು.

ತವರಿಗೆ ಹೋಗಬಹುದಿತ್ತು. ಜಂಬಮ್ಮ ಹೋಗಲಿಲ್ಲ. ಎರಡು ಓಣಿ ಆಚೆ, ಮಿರ್ಚಿ ಮಂಡಕ್ಕಿ ಮಾರುವ ಖಾಸಿಂ ಬೀ ಎಂಬ ವಿಧವೆಯ ಹಿತ್ತಲಿನ ಕೋಣೆ ಹಿಡಿದಳು. ಗಿರಣಿಯ ಕೆಲಸಕ್ಕೆ ಸೇರಿದಳು. "ಯಾಕ್ಬೇ, ಇದೇ ಊರಾಗ ಯಾಕ ಸಾಯ್ತಿ?" ಎಂದು ಖಾಸಿಂ ಬೀ ಕೇಳಿದರೆ ಅವಳ ಉತ್ತರ ಇಷ್ಟೇ: "ಅವರ ಕಣ್ಣಾಗ ಕಸ ಬಿದ್ದಂಗ ಇರ್ತೀನಿ. ಉಜ್ಜಿಕೊಳ್ಳಲಿ."

ಹಾಗೆಯೇ ಇದ್ದಳು. ನಲ್ಲಿಯ ಹತ್ತಿರ, ಸಂತೆಯಲ್ಲಿ, ಬಸ್ ಸ್ಟ್ಯಾಂಡಿನಲ್ಲಿ ಅವರು ಎದುರಾದರೆ ದಾರಿ ಬಿಡುತ್ತಿರಲಿಲ್ಲ. ಸೂಗಮ್ಮ ಮೊದಲು ಅತ್ತೆ ಹೇಳಿದ್ದಕ್ಕೆ ಅವಳನ್ನು ಕಂಡಲ್ಲಿ ಉಗುಳುತ್ತಿದ್ದಳು. ಆಮೇಲೆ ಯಾರೂ ಹೇಳದಿದ್ದರೂ ಉಗುಳುವುದು ಕಲಿತಳು. ಮೂರು ನಾಲ್ಕು ವರ್ಷ ಸೂಗಮ್ಮನಿಗೆ ಬಸುರು ನಿಲ್ಲಲಿಲ್ಲ. ಅದೂ ಜಂಬಮ್ಮನ ಮಾಟ ಎಂದಾಯಿತು. ಅವಳ ಕೋಣೆಯ ಬಾಗಿಲಿಗೆ ಯಾರೋ ಸತ್ತ ಕೋಳಿ ಕಟ್ಟಿ ಹೋದರು. ಜಂಬಮ್ಮ ಅದನ್ನು ಬಿಚ್ಚಿ, ಹಾಡುಹಗಲೇ ಹೊತ್ತೊಯ್ದು ಮಾರೆಮ್ಮನ ಅಂಗಳದಲ್ಲಿ ಒಗೆದು ಬಂದಳು.

1982ರ ಬೇಸಗೆ ಮುಗಿಯುತ್ತ ಬಂದಿತ್ತು. ಸೂಗಮ್ಮ ಬಸುರಿಯಾಗಿದ್ದಾಳೆಂಬುದು ಜಂಬಮ್ಮನಿಗೆ ಗೊತ್ತಿತ್ತು. ಊರಿಗೆಲ್ಲ ಸಕ್ಕರೆ ಹಂಚಿ, ಖಾಸಿಂ ಬೀಯ ಮನೆಯೊಂದನ್ನು ಬಿಟ್ಟಿದ್ದರು. ಒಂದು ಮುಂಜಾನೆ ನಲ್ಲಿಯ ಹತ್ತಿರ ಸೂಗಮ್ಮ ಕೊಡ ಎತ್ತಲಾಗದೆ ಕಟ್ಟೆಯ ಮೇಲೆ ಕೂತಿದ್ದಳು. ಕಾಲುಂಗುರ ಬೆರಳಿನ ಮಾಂಸದಲ್ಲಿ ಹೂತುಹೋಗಿತ್ತು. ರೆಪ್ಪೆಗಳು ಉಬ್ಬಿದ್ದವು. ಹಣೆಯನ್ನು ಅಂಗೈಯಲ್ಲಿ ಒತ್ತಿ ಹಿಡಿದಿದ್ದಳು.

ಜಂಬಮ್ಮನಿಗೆ ಮೊದಲು ಆದದ್ದು ಸಂತೋಷ. ಅವಳು ಅದನ್ನು ಮುಚ್ಚಿಡಲಿಲ್ಲ. ಕೋಣೆಗೆ ಬಂದು, ಬಾಣಲೆಯ ಮುಂದೆ ಕೂತಿದ್ದ ಖಾಸಿಂ ಬೀಗೆ ನಗುನಗುತ್ತ ಹೇಳಿದಳು: "ಬಾತಾಳ ನೋಡು! ನನಗ ಹೆಂಗ ಆಗಿತ್ತೋ ಹಂಗೇ. ಈಗ ನೋಡ್ತೀನಿ ಹಾಳು ಹೊಟ್ಟಿ ಯಾರದಂತ."

ಖಾಸಿಂ ಬೀ ಮಿರ್ಚಿ ಎತ್ತುವ ಝಾರಿಯನ್ನು ಕೆಳಗಿಟ್ಟಳು. ಆ ದಿನವೆಲ್ಲ ಜಂಬಮ್ಮನ ಜೊತೆ ಮಾತಾಡಲಿಲ್ಲ, ಉಣ್ಣಲಿಕ್ಕೂ ಕರೆಯಲಿಲ್ಲ.

ಮರುದಿನ ಬೆಳಿಗ್ಗೆ ಜಂಬಮ್ಮ ಗಿರಣಿಗೆ ಹೋಗುವ ಬದಲು ಗಂಡನ ಮನೆಯತ್ತ ನಡೆದಳು. ಯಾಕೆ ಹೋದೆ ಎಂದು ಆಮೇಲೆ ಕೇಳಿದವರಿಗೆಲ್ಲ ಅವಳು ಸಿಡುಕಿಯೇ ಉತ್ತರಿಸಿದಳು: "ಆಕಿ ಮ್ಯಾಲಿನ ಪ್ರೀತಿಗಿ ಹೋಗ್ಲಿಲ್ಲ. ಫಿಟ್ಸ್ ಬರೋಕಿಂತ ಮೊದ್ಲು ಕಣ್ಣಾಗ ಒಂದು ಬೆಳಕು ಬರ್ತದ. ಅದು ನೆನಪಾತು. ಅದನ್ನ ಕಂಡಾಕಿಗಿ ಗೊತ್ತಿರ್ತದ."

ಬಾಗಿಲಲ್ಲಿ ಅವಳನ್ನು ಕಂಡು ಮಾರೆಮ್ಮ ಕಸಬರಿಗೆ ಎತ್ತಿದಳು. "ಬಸರಿ ಇರೋ ಮನಿ! ಹೊಸಲು ತುಳದ್ರ ಕಾಲು ಮುರೀತೀನಿ!"

"ನಿನ್ನ ಹೊಸಲು ನನಗ ಬ್ಯಾಡ. ಸೂಗಿನ್ನ ರಾಯಚೂರಿಗೆ ಕರ್ಕೊಂಡು ಹೋಗು. ಇವತ್ತೇ. ಆಕಿಗಿ ಬಿ.ಪಿ. ಏರ್ಯಾದ."

"ನೀ ಏರ್ಸೀದಿ! ನಿನ್ನೆ ನಲ್ಲಿ ಹತ್ರ ಆಕಿ ಕಾಲು ನೋಡ್ಕೋತ ನಿಂತಿದ್ದೆಂತ, ಮಂದಿ ಹೇಳ್ಯಾರ ನನಗ!"

ಓಣಿಯವರು ಸೇರಿದರು. ಜಂಬಮ್ಮ ಅತ್ತೆಯನ್ನು ಬಿಟ್ಟು ಒಳಗಿನ ಕತ್ತಲೆಗೆ ಕೂಗಿದಳು: "ಏ ಸೂಗಿ! ಕಣ್ಣ ಮುಂದ ಮಿಣುಕು ಹುಳ ಹಾರಿದಂಗ ಆಗ್ತದೇನು? ಎದಿ ಕೆಳಗ ಬಲಕ್ಕ ನೋಯ್ತದೇನು?"

ಒಳಗಿನಿಂದ ಸೂಗಮ್ಮನ ದನಿ ಬಂತು. "ಹೂಂ. ಮುಂಜಾನಿಂದ."

"ಕೇಳಿದ್ರೇನು?" ಎಂದು ಮಾರೆಮ್ಮ ಜನರತ್ತ ತಿರುಗಿದಳು. "ಇಕಿಗಿ ಹೆಂಗ ಗೊತ್ತಾತು? ಮಾಟ ಮಾಡಿದಾಕಿಗೇ ಗೊತ್ತಿರ್ತದ!" ಯಾರೋ ಹೌದು ಅಂದರು. ಹಿಂದಿನಿಂದ ಒಂದು ಮಣ್ಣುಹೆಂಟೆ ಬಂದು ಜಂಬಮ್ಮನ ಭುಜಕ್ಕೆ ಬಡಿಯಿತು. ಅವಳು ಅಲ್ಲಾಡಲಿಲ್ಲ.

ಅಷ್ಟರಲ್ಲಿ ಸೂಗಮ್ಮ ಗೋಡೆ ಹಿಡಿದುಕೊಂಡು ಹೊರಗೆ ಬಂದಳು. ಜಂಬಮ್ಮನ ಮುಖ ನೋಡಲಿಲ್ಲ. ಅತ್ತೆಗೆ ಹೇಳಿದಳು: "ನಾ ಹೋಗ್ತೀನಿ. ಮಾಟ ಇದ್ರೂ ಹೋಗ್ತೀನಿ, ರೋಗ ಇದ್ರೂ ಹೋಗ್ತೀನಿ. ನೀ ಬಂದ್ರ ಬಾ, ಇಲ್ಲಾಂದ್ರ ಬಿಡು."

ಗದ್ದೆಗೆ ಹೋಗಿದ್ದ ಪರಮಣ್ಣನಿಗೆ ಹೇಳಿಕಳಿಸಿ ಮೂವರೂ ರಾಯಚೂರಿನ ಬಸ್ಸು ಹತ್ತಿದರು. ಸೂಗಮ್ಮ ಕಿಟಕಿಗೆ ತಲೆ ಒರಗಿಸಿ ಕೂತಳು. ಅವರಿಬ್ಬರ ನಡುವೆ ಮಾರೆಮ್ಮ ಗೋಡೆಯಂತೆ ಕೂತು, ದಾರಿಯುದ್ದಕ್ಕೂ ಜಂಬಮ್ಮನ ವಂಶವನ್ನು ಬೈದಳು. ಜಂಬಮ್ಮ ತನ್ನ ಕೇಳದ ಎಡಗಿವಿಯನ್ನು ಅವಳ ಕಡೆಗಿಟ್ಟುಕೊಂಡಿದ್ದಳು. ದವಾಖಾನೆಯ ವರಾಂಡ ತಲುಪುವಷ್ಟರಲ್ಲಿ ಸೂಗಮ್ಮನ ಕಣ್ಣು ಮೇಲಾಗಿ ಮೈ ಸೆಟೆಯಿತು. ಮಾರೆಮ್ಮ ಚೀರಿ ಹಿಂದೆ ಸರಿದಳು. ಬೀಳುವವಳನ್ನು ಹಿಡಿದವಳು ಜಂಬಮ್ಮ. ನೆಲಕ್ಕೆ ಮಲಗಿಸಿ, ಮಗ್ಗುಲಿಗೆ ಹೊರಳಿಸಿ, ನರ್ಸುಗಳು ಓಡಿ ಬರುವವರೆಗೂ ಹಿಡಿದಿದ್ದಳು. ತಲೆಬಾಗಿಲಲ್ಲಿ ನಿಂತ ಡಾಕ್ಟರ್ ಕಮರುನ್ನೀಸಾ ಅವಳನ್ನು ಗುರುತು ಹಿಡಿದರು. "ನೀನಾ?" ಎಂದಷ್ಟೇ ಹೇಳಿ ಒಳಗೆ ಹೋದರು.

ಮಧ್ಯಾಹ್ನ ಪರಮಣ್ಣ ಬಂದ. ಒಳಗೆ ಸೂಗಮ್ಮನ ಹೊಟ್ಟೆ ಕೊಯ್ದು ಕೂಸನ್ನು ತೆಗೆಯುತ್ತಿದ್ದರು. ತಾಯಿ ಅಳುತ್ತ ಹೇಳಿದ್ದನ್ನು ಕೇಳಿದವನೇ ಬೆಂಚಿನ ಮೇಲಿದ್ದ ಜಂಬಮ್ಮನ ತುರುಬಿಗೆ ಕೈ ಹಾಕಿದ. "ನನ್ನ ಮನಿತನ ಹಾಳು ಮಾಡಾಕೇ ಊರಾಗ ಕುಂತೀಯೇನಲೇ? ನಿನ್ನ ಹೊಟ್ಟಿ ಹಾಳಾತಂತ ಆಕಿದೂ ಹಾಳು ಮಾಡ್ದಿ!"

ಜಂಬಮ್ಮ ಅವನ ಮುಂಗೈ ಕಚ್ಚಿ ಬಿಡಿಸಿಕೊಂಡಳು. ಮಂದೆಯ ಹಿಂದೆ ಬಯಲಲ್ಲಿ ಕೂಗುತ್ತಿದ್ದ ದನಿ ಆ ವರಾಂಡವನ್ನೆಲ್ಲ ತುಂಬಿತು.

"ನನ್ನ ಮೊದಲನೇ ಬಸರಿಗಿ ಬಾತೆ, ನನ್ನ ತಪ್ಪಂದ್ರಿ. ಎರಡನೇದಕ್ಕ ಬಾತೆ, ಹಾಳು ಹೊಟ್ಟಿ ಅಂದ್ರಿ. ಈಗ ಇಕಿ ಬಾತಾಳ. ಇಕಿ ಹೊಟ್ಟಿ ಬ್ಯಾರೆ, ನನ್ನ ಹೊಟ್ಟಿ ಬ್ಯಾರೆ. ಇಕಿ ಊರು ಬ್ಯಾರೆ, ನನ್ನ ಊರು ಬ್ಯಾರೆ. ಎಲ್ಲಾ ಬಸರಿಗೂ ಅಪ್ಪ ಯಾರು? ಹೇಳಲೇ ಪರಮಣ್ಣ, ಅಪ್ಪ ಯಾರು?"

ಹಣ್ಣು ಹಂಪಲು ಹಿಡಿದು ಬಂದವರು, ಬಾಣಂತಿಯರ ತಾಯಂದಿರು, ಕಸ ಗುಡಿಸುವಾಕೆ, ಎಲ್ಲರೂ ತಿರುಗಿ ಪರಮಣ್ಣನನ್ನು ನೋಡಿದರು. ಒಬ್ಬಳು ಮುದುಕಿ, "ಖರೇನೇ ಕೇಳ್ತಾಳಲ್ಲ" ಅಂದಳು.

ಕೂಗಾಟಕ್ಕೆ ಡಾಕ್ಟರು ಹೊರಗೆ ಬಂದರು. ಮುಖದಲ್ಲಿ ದಣಿವಿತ್ತು. "ಹೆಣ್ಣು ಕೂಸು. ಭಾಳ ಸಣ್ಣದದ, ಆದ್ರ ಅಳ್ತದ. ತಾಯಿ ಜೀವಕ್ಕ ಈಗ ಭಯ ಇಲ್ಲ. ಇನ್ನ ಸುಮ್ನಿರ್ತೀರೋ, ಜವಾನನ್ನ ಕರೀಲೋ?"

ಪರಮಣ್ಣ ಕೂಸಿನ ಬಗ್ಗೆ ಕೇಳಲಿಲ್ಲ. "ಇಕಿ ಹೇಳಿದ್ದು ಸುಳ್ಳಲ್ರಿ ಡಾಕ್ಟರಮ್ಮ? ಗಂಡಸಿಂದೇನದರಿ ಇದರಾಗ?"

ಡಾಕ್ಟರು ಹೇಳಿದರು: "ಕೂಸಿನಂಗೇ ಕಸದಾಗೂ ಅರ್ಧ ತಂದಿದು ಇರ್ತದ. ನಾಳ ಹಿಗ್ಗದೇ ಇರೋದಕ್ಕ ತಂದಿ ಕಡಿಂದೂ ಕಾರಣ ಇರಬಹುದು ಅಂತ ಕೆಲವು ಡಾಕ್ಟರು ಈಗೀಗ ಬರ್ಯಾಕತ್ಯಾರ. ಖಾತ್ರಿ ಅಂತ ನಾ ಹೇಳಂಗಿಲ್ಲ, ಇನ್ನೂ ಯಾರಿಗೂ ಖಾತ್ರಿ ಇಲ್ಲ. ಆದ್ರ ಮಾಟ ಅಂತ ಈ ವರಾಂಡದಾಗ ಇನ್ನೊಮ್ಮೆ ಅಂದ್ರ ಹೊರಗ ಹಾಕಸ್ತೀನಿ."

ಅವರು ಖಾತ್ರಿ ಇಲ್ಲ ಎಂದದ್ದನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಪರಮಣ್ಣನಿಗೆ ಕೇಳಿಸಿದ್ದು ಅರ್ಧ ತಂದೆಯದು ಎಂಬುದೊಂದೇ. ಜಂಬಮ್ಮನಿಗೂ ಅದೊಂದೇ ಸಾಕಾಗಿತ್ತು. ಬೆಂಚಿನಿಂದ ಎದ್ದು, ಕೂಸನ್ನೂ ನೋಡದೆ, ಸೂಗಮ್ಮನನ್ನೂ ನೋಡದೆ, ಬಸ್ ಸ್ಟ್ಯಾಂಡಿಗೆ ನಡೆದಳು.

ಅದರ ಬೆಲೆಯನ್ನು ಅವಳು ತೆರಬೇಕಾಯಿತು. ಮಾನ್ವಿಯ ಚಹಾದ ಹೋಟೆಲುಗಳಲ್ಲಿ ಪರಮಣ್ಣನನ್ನು ಕಂಡವರು ಬಾಯಿಗೆ ಟವೆಲ್ಲು ಹಿಡಿದು ನಗುತ್ತಿದ್ದರು. ಅವನ ಸಿಟ್ಟು ತಿರುಗಿದ್ದು ಜಂಬಮ್ಮನ ಮೇಲೆ. ಖಾಸಿಂ ಬೀಯ ಹಿತ್ತಲಿನ ಹಂಚುಗಳ ಮೇಲೆ ಕಲ್ಲು ಬಿದ್ದವು. ಪರಮಣ್ಣನ ಕಡೆಯವರು ತಮ್ಮ ಭತ್ತವನ್ನೆಲ್ಲ ಆ ಗಿರಣಿಗೇ ಹಾಕುತ್ತಿದ್ದರು. ಹಾಗಾಗಿ ಮೇಸ್ತ್ರಿ, "ನಾಳಿಂದ ಬರಬ್ಯಾಡಬೇ, ನನಗ ತಕರಾರು ಬ್ಯಾಡ" ಅಂದ. ಖಾಸಿಂ ಬೀ ಇರು ಎಂದಳು. ಆದರೆ ಎರಡನೇ ಸಲ ಬಿದ್ದ ಕಲ್ಲು ಅವಳ ಹಣೆಗೇ ತಾಗಿತು. ಆಗ ಜಂಬಮ್ಮ ಟ್ರಂಕು ಹೊತ್ತು ದೇವದುರ್ಗಕ್ಕೆ ಹೊರಟಳು.

ಅಪ್ಪ ಇನ್ನೂ ಇದ್ದ. ಆದರೆ ಮನೆ ಈಗ ಅವಳ ಅಣ್ಣನ ಕೈಯಲ್ಲಿತ್ತು, ಅವನ ಹೆಂಡತಿಗೆ ಅವಳು ಬಂದದ್ದು ಹಿಡಿಸಲಿಲ್ಲ. ಜಂಬಮ್ಮ ದೇವದುರ್ಗದ ಪೇಟೆಯಲ್ಲಿ ಒಂದು ಹೆಣ್ಣುಮಕ್ಕಳ ಹಾಸ್ಟೆಲಿನ ಅಡುಗೆಮನೆ ಸೇರಿದಳು. ಅಲ್ಲೂ ಅವಳು ಯಾರಿಗೂ ಬೇಕಾದವಳಾಗಲಿಲ್ಲ. ಓಣಿಯಲ್ಲಿ ಬಸುರಿ ಕಂಡರೆ ತಡೆದು ನಿಲ್ಲಿಸಿ, "ಬಿ.ಪಿ. ತೋರಿಸೀದೇನು?" ಎಂದು ಪೊಲೀಸರಂತೆ ಕೇಳುತ್ತಿದ್ದಳು. ಇಲ್ಲ ಅಂದರೆ ಅವರ ಅತ್ತೆಯನ್ನೇ ಬೀದಿಗೆ ಕರೆದು ಬೈಯುತ್ತಿದ್ದಳು. ಕೆಲವರು ಅವಳ ಕಾಟ ತಾಳದೆ ದವಾಖಾನೆಗೆ ಹೋದರು. ಕೆಲವರು ಓಣಿ ಬದಲಿಸಿ ಓಡಾಡಿದರು. ಒಳ್ಳೆಯ ಹೆಂಗಸು ಎಂದು ಅವಳನ್ನು ಕರೆದವರಿಲ್ಲ.

ಸೂಗಮ್ಮ ಮತ್ತೆ ಬಸುರಿಯಾದಾಗ ಅತ್ತೆಗೆ ಹೇಳಿಯೇ, ಮೊದಲಿನಿಂದ ರಾಯಚೂರಿಗೆ ಹೋಗಿ ತೋರಿಸಿಕೊಂಡಳಂತೆ. ಈ ಸಲ ಬಿ.ಪಿ. ಏರಿದ್ದು ಕೊನೆಗೆ, ಸ್ವಲ್ಪ ಮಾತ್ರ. ಗಂಡು ಮಗು ತುಂಬಿದ ತಿಂಗಳಲ್ಲಿ ಹುಟ್ಟಿತು. ಈ ಸುದ್ದಿಯನ್ನು ಜಂಬಮ್ಮನಿಗೆ ತಂದವಳು ಖಾಸಿಂ ಬೀ. ಸೂಗಮ್ಮನಿಂದ ಒಂದು ಮಾತೂ ಬರಲಿಲ್ಲ. ಜಂಬಮ್ಮ ಅದನ್ನು ನಿರೀಕ್ಷಿಸಿಯೂ ಇರಲಿಲ್ಲ. "ಆಕಿಗಿ ಹುಟ್ಟಿದ್ರ ನನಗೇನು?" ಎಂದು ಈರುಳ್ಳಿ ಹೆಚ್ಚುವುದನ್ನು ಮುಂದುವರಿಸಿದಳು.

1988ರಲ್ಲಿ ಮಾರೆಮ್ಮ ತೀರಿಕೊಂಡಳು. ಕರ್ಮಾಂತರ ಮುಗಿದ ಮೇಲೆ ಒಂದು ದಿನ ಪರಮಣ್ಣ ದೇವದುರ್ಗದ ಹಾಸ್ಟೆಲಿನ ಗೇಟಿಗೆ ಬಂದು ನಿಂತ. ತಲೆ ಬೋಳಿಸಿತ್ತು. ಜಂಬಮ್ಮ ಕಟ್ಟೆಯ ಮೇಲೆ ಅಕ್ಕಿ ಆರಿಸುತ್ತಿದ್ದಳು.

"ಅವ್ವ ಹೋದ್ಲು."

"ಗೊತ್ತಾತು."

"ಮನಿಗಿ ಬಾ. ಸೂಗಿ ಒಬ್ಬಾಕಿಗಿ ಆಗವಲ್ದು. ಹುಡುಗ್ರು, ದನ, ಗದ್ದಿ."

"ಆಳು ಇಟ್ಕೋ."

ಅವನು ಕಾಲು ಬದಲಿಸಿ ನಿಂತ. "ಆಗಿದ್ದೇನೋ ಆಗಿ ಹೋತು, ಜಂಬಿ."

ಜಂಬಮ್ಮ ಮೊರ ಕೆಳಗಿಟ್ಟಳು. "ನಿನಗ ಆಗಿ ಹೋಗ್ಯಾದ. ನಾ ಎರಡು ಕೂಸು ಹೂತೀನಿ, ಒಂದು ಕಿವಿ ಕಳಕೊಂಡೀನಿ. ಆ ದಿನ ದವಾಖಾನ್ಯಾಗ ಒಂದು ಮಾತು ಕೇಳಿದ್ದೆ ನಿನಗ. ಉತ್ತರ ತಂದೀಯೇನು?"

ಪರಮಣ್ಣ ಮುಖವನ್ನು ರಸ್ತೆಯತ್ತ ತಿರುಗಿಸಿದ. ಒಳಗಿನಿಂದ ಹುಡುಗಿಯರು ಊಟಕ್ಕೆ ತಟ್ಟೆ ಬಡಿಯತೊಡಗಿದ್ದರು. ಜಂಬಮ್ಮ ಮೊರ ಎತ್ತಿಕೊಂಡು ಎದ್ದಳು. "ಮಾನ್ವಿ ಬಸ್ಸಿಗೆ ಇನ್ನೂ ಹೊತ್ತದ. ಇಲ್ಲಿ ನಿಂದ್ರಬ್ಯಾಡ, ಹುಡುಗ್ಯಾರು ಹೆದರ್ತಾರ" ಎಂದು ಗೇಟಿಗೆ ಚಿಲಕ ಹಾಕಿ ಒಳಗೆ ಹೋದಳು.